ಹತ್ತು ಸೆಕೆಂಡಿಗೊಂದು ಟಕ್

ನನಗೆ ಬುದ್ಧಿ ಬಂದಾಗಿನಿಂದ ನಮ್ಮಣ್ಣ ನನ್ನ ಮೇಲೆ ಕೂಗಾಡಿದ್ದು ಎರಡೇ ಸಲ. ಮೊದಲನೆಯದು, ನಾನು ಆರು ವರ್ಷದವಳಿದ್ದಾಗ ಅವನ ಕುಂಚದಿಂದ ಬೆಕ್ಕಿಗೆ ಮೀಸೆ ಬರೆದದ್ದಕ್ಕೆ. ಎರಡನೆಯದು ಆ ಶನಿವಾರ ಸಂಜೆ, ಗ್ರಂಥಾಲಯದ ಗೋಡೆಯ ಮುಂದೆ, ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ.

"ವಿಡಿಯೋ ಬೇಡ ಅಂದ್ರೆ ಬೇಡ! ಎಷ್ಟು ಸಲ ಬಡ್ಕೋಬೇಕು ನಿನ್ನ ಹತ್ರ? ಫೋಟೋ ತೆಗಿ. ಒಂದಾದ ಮೇಲೊಂದು ಫೋಟೋ. ಅಷ್ಟೇ."

"ಗೆರೆ?"

"ಗೆರೆನೂ ಫೋಟೋನೇ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಉರಿಯಿತು ಎನ್ನುವುದು ಗೊತ್ತಾಗಬೇಕಾದರೆ ನಮ್ಮಣ್ಣ ಯಾರು, ಆ ಗೆರೆ ಏನು ಎಂದು ಮೊದಲು ಹೇಳಬೇಕು.

ಅಣ್ಣ ಬೋರ್ಡ್ ಬರೆಯುವವನು. ಹದಿನಾಲ್ಕನೇ ವಯಸ್ಸಿಗೆ ಒಬ್ಬ ಮೇಷ್ಟ್ರ ಹತ್ತಿರ ಕೆಲಸಕ್ಕೆ ಸೇರಿದ. ಮೂರು ವರ್ಷ ಬರೀ ಕುಂಚ ತೊಳೆದ. ನಾಲ್ಕನೇ ವರ್ಷ ಮೇಷ್ಟ್ರು ಕೈಗೆ ಕುಂಚ ಕೊಟ್ಟು, "ಗೆರೆ ಎಳಿ" ಅಂದರಂತೆ. ಅಕ್ಷರ ಅಲ್ಲ, ಗೆರೆ. ಆ ವರ್ಷ ಪೂರ್ತಿ ಗೆರೆ. ಅಷ್ಟಾದ ಮೇಲೆ ಅವನು ಅಕ್ಷರ ಕಲಿತದ್ದು ಮೂರು ತಿಂಗಳಲ್ಲಿ. ನಮ್ಮ ಬೀದಿಯ ಕ್ಷೌರದ ಅಂಗಡಿ, ಹಲ್ಲಿನ ಡಾಕ್ಟರು, ಬೇಕರಿ, "ಇಲ್ಲಿ ಗಾಡಿ ನಿಲ್ಲಿಸಬೇಡಿ", "ನಾಯಿ ಇದೆ", ಎಲ್ಲ ಅವನ ಕೈಯದೇ. ಪ್ರತಿ ಬೋರ್ಡು ಮುಗಿದ ಮೇಲೆ ಅಕ್ಷರಗಳ ಕೆಳಗೆ ಬೆರಳು ದಪ್ಪದ ಒಂದು ಗೆರೆ ಎಳೆಯುತ್ತಾನೆ. ಎಡದಿಂದ ಬಲಕ್ಕೆ, ಕುಂಚ ಎತ್ತದೆ, ಅಳತೆಪಟ್ಟಿ ಇಲ್ಲದೆ, ಅಂಚಿಗೆ ಟೇಪ್ ಹಚ್ಚದೆ, ಒಂದೇ ಉಸಿರಿನಲ್ಲಿ. ಅದಕ್ಕೇ ಊರವರು ಅವನನ್ನು ಗೆರೆಯಣ್ಣ ಎಂದು ಕರೆಯುವುದು. ಅವನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ.

ನಾನು ಹದಿನಾರು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದವಳು. ಪಾಸ್‌ಪೋರ್ಟ್ ಫೋಟೋಗೆ ಕೂತವರ ಗದ್ದ ಎತ್ತಿ, ಕಾಲರ್ ಸರಿಮಾಡಿ, "ನಗಬೇಡಿ" ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಸ್ಟುಡಿಯೋ ಮುಚ್ಚಿದ ದಿನ ಮಾಲೀಕರು ಹಳೆಯ ಕ್ಯಾಮೆರಾ ಒಂದನ್ನು ನನಗೇ ಕೊಟ್ಟರು. ಅದು ಟಕ್ ಎಂದು ಎಂಥ ಸದ್ದು ಮಾಡುತ್ತದೆಂದರೆ, ಫೋಟೋಗೆ ಕೂತ ಮಕ್ಕಳೆಲ್ಲ ಕಣ್ಣು ಮುಚ್ಚಿಬಿಡುತ್ತಿದ್ದವು. ಮನೆಯಲ್ಲಿ ಸುಮ್ಮನೆ ಕೂತು ತಲೆ ಚಿಟ್ಟು ಹಿಡಿದು, ಒಂದು ದಿನ ಅಣ್ಣ ಬೇಕರಿಯ ಬೋರ್ಡು ಬರೆಯುವುದನ್ನು ಅದರಲ್ಲಿ ತೆಗೆದು ಆನ್‌ಲೈನಿನಲ್ಲಿ ಹಾಕಿದೆ. ಜನ ಮುಗಿಬಿದ್ದು ನೋಡಿದರು. ಈಗ ನಮಗೊಂದು ಚಾನೆಲ್ ಇದೆ. ಬರೆಯುವವನು ಅವನು, ತೆಗೆಯುವವಳು ನಾನು.

ಇಡೀ ದಿನದ ಕೆಲಸವನ್ನು ಎರಡು ನಿಮಿಷದಲ್ಲಿ ಓಡಿಸಿ ತೋರಿಸುವುದಕ್ಕೆ ಟೈಮ್‌ಲ್ಯಾಪ್ಸ್ ಎನ್ನುತ್ತಾರೆ. ಅದಕ್ಕೆ ನನಗೆ ಗೊತ್ತಿರುವ ದಾರಿ ಮೂರು. ಫೋನಿನಲ್ಲೇ ಅದಕ್ಕೊಂದು ಗುಂಡಿ ಇರುತ್ತದೆ, ಒತ್ತಿದರಾಯಿತು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಫೋನೇ ತೀರ್ಮಾನಿಸುತ್ತದೆ, ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಸೋಮಾರಿಗಳಿಗೆ ಅದು ಸಾಕು. ಇನ್ನೊಂದು, ಪೂರ್ತಿ ವಿಡಿಯೋ ತೆಗೆದು ಆಮೇಲೆ ಓಡಿಸುವುದು. ಬಿಸಿಯಾಗಿ, ಮೆಮೊರಿ ತುಂಬಿ ಪ್ರಾಣ ತಿನ್ನುತ್ತದೆ, ಆದರೆ ಬೇಕಾದ ಕಡೆ ಇದ್ದ ವೇಗದಲ್ಲೇ ತೋರಿಸಬಹುದು. ಕೊನೆಯದು, ಕ್ಯಾಮೆರಾವನ್ನು ಅಲ್ಲಾಡದ ಹಾಗೆ ನಿಲ್ಲಿಸಿ, ಇಷ್ಟು ಸೆಕೆಂಡಿಗೊಂದು ಎಂದು ಫೋಟೋ ತೆಗೆಯುತ್ತಾ ಹೋಗಿ ಎಲ್ಲವನ್ನೂ ಪೋಣಿಸುವುದು. ಅದರ ಅಂದವೇ ಬೇರೆ. ಆದರೆ ಎರಡು ಫೋಟೋಗಳ ನಡುವೆ ಏನು ನಡೆಯಿತೋ ದೇವರಿಗೇ ಗೊತ್ತು. ನಾವು ಮೊದಲಿಂದಲೂ ಅಕ್ಷರಗಳನ್ನು ಫೋಟೋದಲ್ಲಿ, ಗೆರೆಯನ್ನು ವಿಡಿಯೋದಲ್ಲಿ ತೆಗೆಯುತ್ತಿದ್ದೆವು. ಅಕ್ಷರಗಳೆಲ್ಲ ಪಟಪಟನೆ ಓಡಿ ಬಂದು ಕೂರುತ್ತವೆ, ಆಮೇಲೆ ಎಲ್ಲ ನಿಧಾನವಾಗಿ ಗೆರೆ ಅದರ ವೇಗದಲ್ಲೇ ಬರುತ್ತದೆ. ಜನ ನೋಡುತ್ತಿದ್ದದ್ದೇ ಆ ಗೆರೆಗೋಸ್ಕರ.

ಈ ಸಲ ಅದನ್ನೇ ಬೇಡ ಎನ್ನುತ್ತಿದ್ದಾನೆ. ಅದೂ ಯಾವ ಕೆಲಸಕ್ಕೆ?

ಗ್ರಂಥಾಲಯಕ್ಕೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಮುಂದಿನ ಗೋಡೆಗೆ ದೊಡ್ಡದಾಗಿ ಹೆಸರು, ಒಳಗೆ ಹನ್ನೊಂದು ಕೋಣೆಗಳಿಗೆ ಬೋರ್ಡು ಆಗಬೇಕಿತ್ತು. ಗ್ರಂಥಪಾಲಕಿ ಮೇಡಂಗೆ ಕೈಯಲ್ಲೇ ಬರೆಸುವ ಆಸೆ. ಕಮಿಟಿಯವರಿಗೆ ಸ್ಟಿಕ್ಕರ್ ಅಂಟಿಸಿ ಕೈತೊಳೆದುಕೊಳ್ಳುವ ಆಸೆ. ಸ್ಟಿಕ್ಕರ್ ಅಂಗಡಿಯವನು ಬೇರೆ ಯಾರೂ ಅಲ್ಲ, ಅಣ್ಣನ ಜೊತೆ ಅದೇ ಮೇಷ್ಟ್ರ ಹತ್ತಿರ ಕುಂಚ ತೊಳೆದವನು. ಅವನು ಕಮಿಟಿಯ ಮುಂದೆ, "ಈ ಕಾಲದಲ್ಲಿ ಕೈಯಲ್ಲಿ ಯಾರ್ರೀ ಅಷ್ಟುದ್ದ ಗೆರೆ ಎಳೀತಾರೆ? ಟೇಪ್ ಹಚ್ಚಿ ಬಳೀತಾರೆ, ವಿಡಿಯೋದಲ್ಲಿ ಆ ಭಾಗ ಹಾರಿಸಿಬಿಡ್ತಾರೆ" ಎಂದು ಹೇಳಿಬಂದಿದ್ದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ರಜಾದಿನ ಭಾನುವಾರ, ಒಂದೇ ದಿನದಲ್ಲಿ ಅಣ್ಣ ಮುಂದಿನ ಗೋಡೆ ಬರೆದು ಮುಗಿಸಬೇಕು. ಸೋಮವಾರ ಬೆಳಿಗ್ಗೆ ನಾನು ವಿಡಿಯೋ ಕೊಡಬೇಕು. ಅದನ್ನು ನೋಡಿ ಕಮಿಟಿಯವರು ಹನ್ನೊಂದು ಬೋರ್ಡುಗಳ ತೀರ್ಮಾನ ಮಾಡುತ್ತಾರೆ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಗೆರೆ ಎಳೆಯೋದು ಮಾತ್ರ ಪೂರ್ತಿ ಕಾಣ್ಬೇಕಮ್ಮ. ಕತ್ತರಿಸಬೇಡಿ, ಓಡಿಸಬೇಡಿ" ಎಂದಿದ್ದರು. ನಾನು ಎದೆ ತಟ್ಟಿಕೊಂಡು ಒಪ್ಪಿಬಂದಿದ್ದೆ.

ಕೆಲಸ ಕೈತಪ್ಪಿದರೆ ಏನು ಎನ್ನುವುದೂ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಐದಾರು ತಿಂಗಳಿಂದ ಬೇರೆ ದೊಡ್ಡ ಕೆಲಸ ಬಂದಿರಲಿಲ್ಲ. "ನನ್ನ ಅಂಗಡಿಗೆ ಬಾ, ನೆರಳಲ್ಲಿ ಕೂತು ಸ್ಟಿಕ್ಕರ್ ಅಂಟಿಸು" ಎಂದು ಆ ಮಹಾನುಭಾವ ಕರೆದಿದ್ದ. ಇದೂ ಹೋದರೆ ಹೋಗಿ ಸೇರುತ್ತೇನೆ ಎಂದು ಅಣ್ಣ ಅತ್ತಿಗೆಗೆ ಹೇಳಿದ್ದ. ನಮ್ಮಣ್ಣ, ಮಿಷನ್ ಕತ್ತರಿಸಿದ ಅಕ್ಷರ ಅಂಟಿಸುವುದು!

"ಅಣ್ಣ, ಸ್ವಲ್ಪ ಯೋಚನೆ ಮಾಡು" ಎಂದೆ. "ನೀನು ಗೆರೆ ಎಳೆಯೋಕೆ ತೊಗೊಳೋದೇ ಎಂಟು ಸೆಕೆಂಡು. ಹತ್ತು ಸೆಕೆಂಡಿಗೊಂದು ಫೋಟೋ ತೆಗೆದ್ರೆ, ಒಂದರಲ್ಲಿ ಗೆರೆ ಇರಲ್ಲ, ಮುಂದಿನದರಲ್ಲಿ ಇರತ್ತೆ. ಆಕಾಶದಿಂದ ಉದುರ್ತಾ ಅಂತ ಕೇಳ್ತಾರೆ."

"ಕೇಳ್ಲಿ."

"ಟೇಪ್ ಹಚ್ಚಿದ್ದು ಅಂತಾರೆ."

"ಫೋಟೋ ಅಂದ್ರೆ ಫೋಟೋ. ಇಲ್ಲಾಂದ್ರೆ ನಾಳೆ ನಾನು ಬರೋದೇ ಇಲ್ಲ. ಮಾತು ಕೊಡು."

ಕೊಟ್ಟೆ. ಇನ್ನೇನು ಮಾಡಲಿ? ಅತ್ತ ಮೇಡಂಗೆ ವಿಡಿಯೋ ಎಂದು ಮಾತು, ಇತ್ತ ಅಣ್ಣನಿಗೆ ಫೋಟೋ ಎಂದು ಮಾತು. ಎರಡು ಮಾತೂ ಒಂದೇ ಬಾಯಿಂದ.

ಮನೆಗೆ ಬಂದರೆ ಅತ್ತಿಗೆ ಟೀ ಕೊಟ್ಟಳು. ಅರ್ಧ ಲೋಟ. ಇದೊಂದು ಬೇರೆ. ಕೆಲವು ತಿಂಗಳಿಂದ ನಮ್ಮನೆಯಲ್ಲಿ ಟೀ ಅಂದರೆ ಅರ್ಧ ಲೋಟ. ನನಗೂ ಅರ್ಧ, ಅಣ್ಣನಿಗೂ ಅರ್ಧ, ಅವಳಿಗೂ ಅರ್ಧ, ಮನೆಗೆ ಬಂದವರಿಗೂ ಅರ್ಧ. ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು, ಹಾಗಾಗಿ ನಮ್ಮಿಬ್ಬರಲ್ಲಿ ಮುಲಾಜಿಲ್ಲ.

"ಹಾಲಿನವನ ಜೊತೆ ಜಗಳನಾ ಅತ್ತಿಗೆ? ಇದೇನು ಔಷಧಿನಾ?"

"ಕುಡಿ ಕುಡಿ. ಬೇಕಾದ್ರೆ ಇನ್ನೊಂದ್ಸಲ ಹಾಕ್ತೀನಿ" ಎಂದಳು. ಜಿಪುಣಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಭಾನುವಾರ ಏಳೂವರೆಗೆಲ್ಲ ಗ್ರಂಥಾಲಯದ ಅಂಗಳದಲ್ಲಿದ್ದೆವು. ಗೋಡೆಯಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಸ್ಟ್ಯಾಂಡ್ ಹೂಡಿ, ಅದರ ಕಾಲುಗಳಿಗೆ ಇಟ್ಟಿಗೆ ಒತ್ತು ಕೊಟ್ಟು, ಕ್ಯಾಮೆರಾ ಕೂರಿಸಿದೆ. ಕಿಟಕಿಯಿಂದ ವೈರು ಎಳೆದು ಕರೆಂಟು ಕೊಟ್ಟೆ. ಮೋಡ ಬಂದರೂ ಬಿಸಿಲು ಬಂದರೂ ಚಿತ್ರ ಮಿಣಮಿಣ ಎನ್ನದ ಹಾಗೆ ಬೆಳಕಿನ ಅಳತೆಗಳನ್ನು ಕಟ್ಟಿಹಾಕಿದೆ. ಇನ್ನು ಉಳಿದದ್ದು ಎರಡು ಸಂಖ್ಯೆ. ಎಷ್ಟು ಸೆಕೆಂಡಿಗೊಂದು ಎಂದು ಕೇಳಿತು, ಹತ್ತು ಎಂದು ಒತ್ತಿದೆ. ಒಟ್ಟು ಎಷ್ಟು ಫೋಟೋ ಎಂದು ಕೇಳಿತು.

ಇಲ್ಲೇ ನಾನು ಎಡವಿದ್ದು. ಅಷ್ಟು ದೊಡ್ಡ ಗೋಡೆ, ಹದಿನಾಲ್ಕು ಅಕ್ಷರ, ಬೇರೆಯವರಾದರೆ ಸಂಜೆ ಆರು ದಾಟಿಸುತ್ತಾರೆ. ನಮ್ಮಣ್ಣನಾದರೆ ನಾಲ್ಕಕ್ಕೆ ಕುಂಚ ತೊಳೆಯುತ್ತಾನೆ. ಇರಲಿ ಎಂದು ಅರ್ಧ ಗಂಟೆ ಸೇರಿಸಿದೆ. ಎಂಟರಿಂದ ನಾಲ್ಕೂವರೆ, ನಿಮಿಷಕ್ಕೆ ಆರು, ಮೂರು ಸಾವಿರದ ಅರವತ್ತು. ಪೋಣಿಸಿದರೆ ಒಂದು ನಿಮಿಷ ನಲವತ್ತೆರಡು ಸೆಕೆಂಡಿನ ವಿಡಿಯೋ. ನಾಲ್ಕು ಸಾವಿರ ಹಾಕಿದ್ದರೆ ನನ್ನ ಗಂಟು ಏನೂ ಹೋಗುತ್ತಿರಲಿಲ್ಲ, ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿತ್ತು. ಅಣ್ಣನ ಮೇಲಿನ ಜಂಬ, ಹಾಕಲಿಲ್ಲ.

ದಾರಕ್ಕೆ ಸೀಮೆಸುಣ್ಣದ ಪುಡಿ ಬಳಿದು, ಒಂದು ತುದಿ ನಾನು ಹಿಡಿದು, ಇನ್ನೊಂದು ತುದಿ ಅವನು ಹಿಡಿದು, ಮಧ್ಯೆ ಮೀಟಿ ಗೋಡೆಯ ಮೇಲೆ ಗುರುತು ಹೊಡೆದೆವು. ಇದ್ದಿಲಿನಿಂದ ಅಕ್ಷರಗಳ ಅಂದಾಜು ಹಾಕಿ, ಅಣ್ಣ ಅಟ್ಟಣಿಗೆ ಹತ್ತಿದ. ನಾನು ಗುಂಡಿ ಒತ್ತಿದೆ. ಟಕ್.

ಒಂಬತ್ತು ಗಂಟೆಯಾದರೂ ಮೊದಲನೇ ಅಕ್ಷರ ಅರ್ಧಕ್ಕೇ ನಿಂತಿತ್ತು. ನೋಡುತ್ತಾ ನೋಡುತ್ತಾ ಒಂದು ವಿಚಿತ್ರ ಕಂಡಿತು. ಅಣ್ಣ ಟಕ್ ಎಂದ ಮೇಲೆ ಕುಂಚ ಗೋಡೆಗೆ ತಾಗಿಸುತ್ತಿದ್ದ. ಮುಂದಿನ ಟಕ್ ಬರುವುದರೊಳಗೆ ಎತ್ತಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯನ್ನೇ ನೋಡುತ್ತಾ ಕೂರುತ್ತಿದ್ದ. ಮತ್ತೆ ಟಕ್, ಮತ್ತೆ ಕುಂಚ. ಇದೇನಪ್ಪಾ ಹೊಸ ವರಸೆ ಎಂದು ನನಗೆ ಸಿಟ್ಟೇ ಬಂತು.

ಹತ್ತಿರದ ಒಂದೆರಡು ಚಿತ್ರ ಇರಲಿ ಎಂದು, ಗಾಜು ಒಡೆದ ನನ್ನ ಹಳೇ ಫೋನು ತೆಗೆದು, ಅವನ ಬೆನ್ನ ಹಿಂದಿನಿಂದ ಕೈಯ ಕಡೆಗೆ ಹಿಗ್ಗಿಸಿ ನೋಡಿದೆ. ಕುಂಚದ ತುದಿ ನಡುಗುತ್ತಿತ್ತು. ಮೊದಲು ನನ್ನ ಕೈಯೇ ಅಲ್ಲಾಡುತ್ತಿದೆ ಎಂದುಕೊಂಡು ಫೋನನ್ನು ನೀರಿನ ಕ್ಯಾನಿನ ಮೇಲೆ ಇಟ್ಟು ವಿಡಿಯೋ ಹಾಕಿ ನೋಡಿದೆ. ಗೋಡೆ ಅಲ್ಲಾಡುತ್ತಿರಲಿಲ್ಲ. ಅಟ್ಟಣಿಗೆ ಅಲ್ಲಾಡುತ್ತಿರಲಿಲ್ಲ. ಅಣ್ಣನ ಬಲಗೈ, ಮಣಿಕಟ್ಟಿನಿಂದ ಕೆಳಗೆ, ನಡುಗುತ್ತಿತ್ತು. ಅವನು ಎಡಗೈಯಿಂದ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ, ಆ ಅಂಚನ್ನು ಬರೆದ. ಆಮೇಲೆ ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಹೊರಗೆ ಚಾಚಿದ ಬಣ್ಣ ಒರೆಸಿದ.

ನಮ್ಮಣ್ಣ ಒರೆಸಿದ್ದನ್ನು ನಾನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದ್ದು.

ಅಲ್ಲೇ ನೆಲದ ಮೇಲೆ ಕೂತೆ. ಗುಂಡಿ ಇರುವ ಅಂಗಿ ಬಿಟ್ಟು ಯಾವಾಗಲೂ ಟೀ ಶರ್ಟು ಹಾಕುವುದು, ಸಣ್ಣ ಅಕ್ಷರದ ಕೆಲಸ ಬಂದರೆ ಪುರುಸೊತ್ತಿಲ್ಲ ಎನ್ನುವುದು, ಪಾರ್ಸೆಲ್ ಬಂದರೆ ಸಹಿ ನೀನೇ ಹಾಕು ಎನ್ನುವುದು, ಎಲ್ಲ ಒಂದೊಂದಾಗಿ ನೆನಪಾಯಿತು. ವಿಡಿಯೋ ಯಾಕೆ ಬೇಡ ಎನ್ನುವುದೂ ಗೊತ್ತಾಯಿತು. ಫೋಟೋಗಳಲ್ಲಿ ಅಕ್ಷರ ಬೆಳೆಯುತ್ತದೆ, ಕೈ ನಡುಗುವುದಿಲ್ಲ. ಗೆರೆಯನ್ನು ಎರಡು ಟಕ್‌ಗಳ ನಡುವೆ ಮುಗಿಸಿಬಿಟ್ಟರೆ ಅದೂ ಯಾರಿಗೂ ಕಾಣುವುದಿಲ್ಲ. ಅಣ್ಣ ಲೆಕ್ಕ ಹಾಕಿದ್ದ. ಹತ್ತು ಸೆಕೆಂಡು ಎಂದು ನಾನೇ ಅವನ ಕೈಗೆ ಲೆಕ್ಕ ಕೊಟ್ಟಿದ್ದೆ.

ಒಂದು ಗಂಟೆಗೆ ಅತ್ತಿಗೆ ಊಟದ ಡಬ್ಬಿ ತಂದಳು. ಅಣ್ಣ ಕೈತೊಳೆಯಲು ಹೋದಾಗ ಅವಳ ತೋಳು ಹಿಡಿದು ಗೋಡೆಯ ಮರೆಗೆ ಎಳೆದೆ.

"ನಿನಗೆ ಗೊತ್ತಿತ್ತಾ?"

ಯಾವುದು ಎಂದು ಅವಳು ಕೇಳಲಿಲ್ಲ. "ಏಳು ತಿಂಗಳಾಯ್ತು" ಎಂದಳು. "ನನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಔಷಧಿ ಚೀಟಿ ಸಿಕ್ತು, ಅದನ್ನ ತೊಗೊಂಡು ನಾನೇ ಹೋಗಿ ಡಾಕ್ಟರನ್ನ ಕೇಳಿದೆ. ಕೈ ಚಾಚಿದ್ರೆ ಬರೋ ನಡುಕವಂತೆ. ಜೀವಕ್ಕೇನಿಲ್ಲ. ಗಾಬರಿಯಾದ್ರೆ ಜಾಸ್ತಿ. ಮಾತ್ರೆ ತೊಗೊಂಡ್ರೆ ನಿದ್ದೆ ಬರತ್ತೆ, ಅದಕ್ಕೆ ಕೆಲಸದ ದಿನ ತೊಗೊಳಲ್ಲ."

"ನನಗೊಂದು ಮಾತು ಹೇಳ್ಬಾರದಿತ್ತಾ ಅತ್ತಿಗೆ? ನಾನೇನು ಹೊರಗಿನವಳಾ?"

ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆಯುತ್ತಾ, ನನ್ನ ಮುಖ ನೋಡದೆ, "ನೀನು ಅದನ್ನೂ ವಿಡಿಯೋ ಮಾಡಿಬಿಡ್ತೀಯೇನೋ ಅಂತ ಹೆದರಿಕೆ ಆಯ್ತು" ಎಂದಳು.

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಆ ಹೊತ್ತಿಗಾಗಲೇ ನನ್ನ ಫೋನಿನಲ್ಲಿ ಅರ್ಧ ನಿಮಿಷ ಅವನ ನಡುಗುವ ಕೈ ಇತ್ತು. ಅಣ್ಣ ಬಂದ. ಅತ್ತಿಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಅವನಿಗೆ ಅರ್ಧ ಲೋಟ. ಅವನು ಎತ್ತಿ ಕುಡಿದ, ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ನನಗೂ ಅರ್ಧ ಲೋಟ ಕೊಟ್ಟಳು. ನಾನು ಇಷ್ಟು ದಿನ ಇವಳನ್ನು ಜಿಪುಣಿ ಎಂದಿದ್ದೆನಲ್ಲ, ಥೂ ನನ್ನ ಜನ್ಮಕ್ಕಿಷ್ಟು.

ಮಧ್ಯಾಹ್ನವೆಲ್ಲ ಒಂದೇ ಯೋಚನೆ. ವಿಡಿಯೋ ತೆಗೆದರೆ ಅವನ ಕೈ ಜಗತ್ತಿಗೆಲ್ಲ ಕಾಣುತ್ತದೆ. ತೆಗೆಯದಿದ್ದರೆ ಟೇಪ್ ಹಚ್ಚಿದವನು ಎಂಬ ಹೆಸರು ಬರುತ್ತದೆ, ಸ್ಟಿಕ್ಕರ್ ಅಂಗಡಿಯೇ ಗತಿಯಾಗುತ್ತದೆ. ಯಾವುದು ಕಡಿಮೆ ನೋವು ಎಂದು ನಾನು ಯಾರು ತೀರ್ಮಾನಿಸಲು? ಇರಲಿ, ತೆಗೆದಿಟ್ಟಿರುತ್ತೇನೆ, ಬೇಡವಾದರೆ ಅಳಿಸಿದರಾಯಿತು ಎಂದುಕೊಂಡೆ. ಕಳ್ಳರೆಲ್ಲ ಹೀಗೇ ಅಂದುಕೊಳ್ಳುತ್ತಾರೆ.

ನಾಲ್ಕು ಗಂಟೆಗೆ ಇನ್ನೂ ಒಂದು ಅಕ್ಷರ ಬಾಕಿ ಇತ್ತು. ಹಳೇ ಫೋನನ್ನು ನೀರಿನ ಕ್ಯಾನಿಗೆ ಒರಗಿಸಿ, ಗೆರೆ ಬರುವ ಜಾಗ ಪೂರ್ತಿ ಕಾಣುವ ಹಾಗೆ ತಿರುಗಿಸಿ, ವಿಡಿಯೋ ಶುರುಮಾಡಿ, ಲೆನ್ಸಿನಷ್ಟು ಜಾಗ ಬಿಟ್ಟು ಮೇಲೆ ಒರೆಸುವ ಬಟ್ಟೆ ಹಾಕಿದೆ. ನಾಲ್ಕೂ ಇಪ್ಪತ್ತೈದಕ್ಕೆ ಕೊನೆಯ ಅಕ್ಷರ ಮುಗಿಯಿತು. ಮೇಡಂ ಗೇಟು ತೆರೆದುಕೊಂಡು ಬಂದರು. ಗೋಡೆ ನೋಡಿ, "ಅಬ್ಬಾ" ಎಂದವರು, ಅಣ್ಣ ಉದ್ದ ಕೂದಲಿನ ಕುಂಚ ಕೈಗೆತ್ತಿಕೊಂಡದ್ದನ್ನು ಕಂಡು ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತರು.

ಅಣ್ಣ ಕೆಳಗಿಳಿದು, ಬಣ್ಣ ತೆಳು ಮಾಡಿ, ಕುಂಚ ಅದ್ದಿ, ಡಬ್ಬಿಯ ಅಂಚಿಗೆ ಎರಡೂ ಮಗ್ಗುಲು ಸವರಿದ. ಗೋಡೆಯ ಎಡತುದಿಗೆ ಬಂದ. ಹತ್ತಡಿ ಗೆರೆ. ಟಕ್. ಅವನು ಶುರುಮಾಡಲಿಲ್ಲ. ಭುಜ ಸಡಿಲಿಸಿದ. ಟಕ್. ಮತ್ತೊಮ್ಮೆ ಕುಂಚ ಅದ್ದಿದ. ಟಕ್. ಈಗ ಮೊಣಕೈಯನ್ನು ಪಕ್ಕೆಗೆ ಒತ್ತಿ, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಕುಂಚದ ತುದಿಯನ್ನು ಗೋಡೆಗೆ ಅರ್ಧ ಬೆರಳಿನಷ್ಟು ಹತ್ತಿರ ತಂದು, ಉಸಿರು ಎಳೆದುಕೊಂಡ. ಮುಂದಿನ ಟಕ್‌ಗೆ ಹೊರಡುತ್ತಾನೆ ಎಂದು ನನಗೆ ಗೊತ್ತಾಯಿತು.

ಟಕ್ ಬರಲಿಲ್ಲ.

ಕ್ಯಾಮೆರಾ ಕಡೆ ತಿರುಗಿದೆ. ನಾಲ್ಕೂವರೆ. ಮೂರು ಸಾವಿರದ ಅರವತ್ತು ಮುಗಿದಿತ್ತು. ಮತ್ತೆ ಶುರುಮಾಡಲು ಏನಿಲ್ಲವೆಂದರೂ ಅರ್ಧ ನಿಮಿಷ ಬೇಕು. ಅಣ್ಣ ಟಕ್ ಕೇಳುವುದಕ್ಕೇ ಕಿವಿ ಇಟ್ಟುಕೊಂಡು, ಹಿಡಿದ ಉಸಿರು ಹಾಗೇ ಹಿಡಿದು ನಿಂತಿದ್ದಾನೆ. ಕುಂಚ ನಡುಗುತ್ತಿದೆ, ಬರಬರುತ್ತಾ ಜಾಸ್ತಿಯಾಗುತ್ತಿದೆ. ತುದಿಯಲ್ಲಿ ಬಣ್ಣ ಹನಿಗಟ್ಟುತ್ತಿದೆ. ನಿಲ್ಲು ಎಂದು ಕೂಗಿದರೆ ನಿಲ್ಲುತ್ತಾನೆ. ಆದರೆ ಮತ್ತೆ ಆ ಕೈಯನ್ನು ಎತ್ತುತ್ತಾನಾ? ಮೇಡಂ ನೋಡುತ್ತಿದ್ದಾರೆ. ಒಂದು ದಿನಕ್ಕೆ ಇದ್ದಬದ್ದ ಧೈರ್ಯವನ್ನೆಲ್ಲ ಅವನು ಒಟ್ಟುಮಾಡಿಕೊಂಡು ಬಂದದ್ದು ಆ ಒಂದು ಉಸಿರಿಗೆ.

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟೆ.

ಟಕ್.

ಅವನು ಹೊರಟ. ಕೈ ಎಳೆಯಲಿಲ್ಲ, ಇಡೀ ಮೈ ನಡೆಯಿತು. ನಿಧಾನಿಸಿದರೆ ನಡುಕ ಗೋಡೆಗೆ ಇಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಎಂದಿಗಿಂತ ಬೇಗ ನಡೆದ. ಮುಕ್ಕಾಲು ದಾರಿಯಲ್ಲಿ ಒಂದು ಕಡೆ ಕುಂಚ ಕೂದಲೆಳೆಯಷ್ಟು ಅಲುಗಿತು. ಅವನು ನಿಲ್ಲಲಿಲ್ಲ. ತುದಿ ಮುಟ್ಟಿ, ಕುಂಚ ಎತ್ತಿ, ಉಸಿರು ಬಿಟ್ಟ. ಆ ಸದ್ದು ನನಗೆ ಇಪ್ಪತ್ತೈದು ಹೆಜ್ಜೆ ದೂರಕ್ಕೆ ಕೇಳಿಸಿತು.

"ನಾನು ಉಸಿರಾಡೋದನ್ನೇ ಮರ್ತಿದ್ದೆ" ಎಂದರು ಮೇಡಂ. ಅಣ್ಣ ನಕ್ಕ. ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು, ದೀಪ ಹಾಕುವ ಹೊತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಫೋಟೋಗಳನ್ನು ಪೋಣಿಸಿದೆ. ಹದಿನಾಲ್ಕು ಅಕ್ಷರವೂ ಬೆಣ್ಣೆಯ ಹಾಗೆ ಬಂದು ಕೂತವು. ಒಂದು ನಿಮಿಷ ನಲವತ್ತೆರಡನೇ ಸೆಕೆಂಡಿಗೆ, ಅಣ್ಣ ಎಡತುದಿಯಲ್ಲಿ ಕುಂಚ ಹಿಡಿದು ನಿಂತಿದ್ದಾನೆ, ಮುಗಿಯಿತು.

"ಗೆರೆ ಎಲ್ಲಿ?" ಎಂದ ಅಣ್ಣ.

"ಇಲ್ಲ. ಲೆಕ್ಕ ತಪ್ಪಾಯ್ತು. ನೀನು ನಾಲ್ಕಕ್ಕೆ ಮುಗಿಸ್ತೀಯ ಅಂದ್ಕೊಂಡಿದ್ದೆ."

ಅವನ ಮುಖ ಸಣ್ಣದಾಯಿತು. ಅದನ್ನು ನೋಡಲಾಗದೆ ಹಳೇ ಫೋನನ್ನು ಮೇಜಿನ ಮೇಲಿಟ್ಟೆ. "ಇದರಲ್ಲಿದೆ. ವಿಡಿಯೋ. ಮಾತು ತಪ್ಪಿದೆ ಅಣ್ಣ. ಬೈಯೋದಿದ್ರೆ ಬೈದುಬಿಡು, ಇದು ಬೇಡ ಅಂದ್ರೆ ನಿನ್ನ ಕಣ್ಣೆದುರಿಗೇ ಅಳಿಸ್ತೀನಿ."

ಅವನು ಬೈಯಲಿಲ್ಲ. "ಹಾಕು" ಎಂದ. ಒಲೆಯ ಹತ್ತಿರ ಅತ್ತಿಗೆ ಸೌಟು ಹಿಡಿದುಕೊಂಡೇ ನಿಂತಳು.

ಮೂವರೂ ನೋಡಿದೆವು. ಗೋಡೆಯ ಮುಂದೆ ಒಬ್ಬ ಮನುಷ್ಯ, ಮಣಿಕಟ್ಟು ಹಿಡಿದುಕೊಂಡು, ಕಾಯುತ್ತಾ. ನಡುಗುವ ಕುಂಚ. ಟಕ್. ಗೆರೆ.

"ಇಷ್ಟು ನಡುಗತ್ತಾ?" ಎಂದ ಅಣ್ಣ. ಪರದೆಯ ಕಡೆ ಇನ್ನಷ್ಟು ಬಾಗಿ, "ಓಡಿಸಿದ್ರೆ ಕಾಣಲ್ವೇನೋ, ಓಡಿಸಿ ನೋಡು" ಎಂದ.

ಓಡಿಸಿದೆ. ಇನ್ನೂ ಕೆಟ್ಟದಾಯಿತು. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೈ ಕುಣಿಯಿತು. ನಿಧಾನ ಮಾಡಿದೆ. ನಡುಕ ಒಂದೊಂದಾಗಿ ಎಣಿಸುವ ಹಾಗಾಯಿತು. ಅಣ್ಣ ಎರಡಕ್ಕೂ ಕೈಯಾಡಿಸಿ ಬೇಡ ಎಂದ.

"ಆ ಟಕ್ ನೀನಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಬೆಳಿಗ್ಗೆಯಿಂದ ಮೂರು ಸಾವಿರ ಸಲ ಆ ಕ್ಯಾಮೆರಾ ಸದ್ದು ಕೇಳಿದೀನಿ ಕಣೇ. ನಿನ್ನ ನಾಲಿಗೆ ಯಾವುದು, ಅದು ಯಾವುದು ಅಂತ ಗೊತ್ತಾಗಲ್ವಾ ನನಗೆ?" ಅವನು ನನ್ನ ಕಡೆ ತಿರುಗಿದ. "ನಿನಗೆ ಗೊತ್ತಾಗಿದೆ ಅಂತ ಆಗಲೇ ಗೊತ್ತಾಯ್ತು. ಅದಕ್ಕೇ ಹೊರಟೆ. ಇಲ್ದಿದ್ರೆ ಕುಂಚ ಕೆಳಗಿಟ್ಟುಬಿಡ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತಿಗೆಯಂತೂ ಆಗಲೇ ಸೆರಗು ಮುಖಕ್ಕೆ ಒತ್ತಿಕೊಂಡಿದ್ದಳು. ಅಣ್ಣ ಅವಳನ್ನು ನೋಡಿ, "ಓಹೋ, ನಿನಗೂ ಗೊತ್ತಾ? ಸರಿ ಹೋಯ್ತು. ನಾನೊಬ್ಬನೇ ಮನೇಲಿ ನಾಟಕ ಆಡ್ತಿದ್ದದ್ದು" ಎಂದ. ಆಮೇಲೆ ಪರದೆಯ ಕಡೆ ತಿರುಗಿದ.

"ಗೆರೆಯನ್ನ ಇದ್ದ ವೇಗದಲ್ಲೇ ಹಾಕು. ನಾನು ಕಾಯ್ತಾ ನಿಂತಿರೋದೂ ಇರಲಿ, ಕತ್ತರಿಸಬೇಡ. ಕೈ ನಡುಗತ್ತೆ ಅಂತ ಯಾರಾದ್ರೂ ಅಂದ್ರೆ ಸಹಿಸ್ಕೋತೀನಿ. ಟೇಪ್ ಹಚ್ಚಿದ ಅಂದ್ರೆ ಸಹಿಸ್ಕೊಳ್ಳಲ್ಲ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಳಿಸಿದೆ. ಹನ್ನೊಂದರವರೆಗೂ ಫೋನು ಬರಲಿಲ್ಲ. ಮೂವರೂ ಅಡುಗೆಮನೆಯಲ್ಲೇ ಕೂತಿದ್ದೆವು, ಯಾರಿಗೂ ಯಾವ ಕೆಲಸವೂ ಇಲ್ಲದವರ ಹಾಗೆ. ನಾನು ಉಗುರು ಕಚ್ಚಿ ಕಚ್ಚಿ ಬೆರಳೇ ನೋಯುತ್ತಿತ್ತು. ಫೋನು ಬಂದಾಗ ಅಣ್ಣ ಎಡಗೈಯಿಂದ ಎತ್ತಿಕೊಂಡ. ಮೇಡಂ ದನಿ ನಮಗೂ ಕೇಳಿಸುತ್ತಿತ್ತು. ಕಮಿಟಿಯವರು ಗೆರೆಯ ಭಾಗವನ್ನು ಮೂರು ಸಲ ಹಾಕಿಸಿ ನೋಡಿದರಂತೆ. ಸ್ಟಿಕ್ಕರ್ ಅಂಗಡಿಯವನನ್ನೂ ಕರೆಸಿದ್ದರಂತೆ. ಅವನು ನೋಡಿ, "ಇದು ಕೈಯೇ" ಎಂದಷ್ಟೇ ಹೇಳಿ ಎದ್ದು ಹೋದನಂತೆ. ಹನ್ನೊಂದು ಬೋರ್ಡಿಗೆ ಎಷ್ಟು ದಿನ ಬೇಕು ಎಂದು ಅಧ್ಯಕ್ಷರು ಕೇಳುತ್ತಿದ್ದಾರೆ ಎಂದರು.

"ಮೊದಲು ದಿನಕ್ಕೊಂದು ಅಂದಿದ್ದೆ ಮೇಡಂ" ಎಂದ ಅಣ್ಣ. ನಾನೂ ಅತ್ತಿಗೆಯೂ ಅವನ ಬಾಯನ್ನೇ ನೋಡುತ್ತಿದ್ದೆವು. "ಈಗ ಒಂದೊಂದಕ್ಕೆ ಎರಡು ದಿನ ಬೇಕು. ಕೈ ನಡುಗತ್ತೆ. ನೋಡಿದ್ರಲ್ಲ."

ಆ ಕಡೆಯಿಂದ ಏನು ಹೇಳಿದರೋ, ಅವನು "ಆಗಲಿ ಮೇಡಂ, ಬುಧವಾರದಿಂದ ಬರ್ತೀನಿ" ಎಂದು ಫೋನು ಇಟ್ಟ.

ಅತ್ತಿಗೆ ಎದ್ದು ಟೀ ಬಗ್ಗಿಸಿದಳು. ಮೂರು ಲೋಟಕ್ಕೂ, ಕಂಠದವರೆಗೆ. ಅಣ್ಣ ತನ್ನ ಲೋಟವನ್ನು ಒಂದು ಕ್ಷಣ ನೋಡಿ, ಬಲಗೈಯಿಂದಲೇ ಎತ್ತಿದ. ಮೇಜಿನ ಮೇಲೆ ಚೆಲ್ಲಿತು, ಅವನ ಟೀ ಶರ್ಟಿನ ಮೇಲೆ ಚೆಲ್ಲಿತು. ಒರೆಸಲು ಯಾರೂ ಏಳಲಿಲ್ಲ. ಅವನು ಉಳಿದದ್ದನ್ನು ಕುಡಿದು ಮುಗಿಸಿ, ಇನ್ನೊಂದ್ಸಲ ಹಾಕು ಎಂದು ಲೋಟ ಮುಂದೆ ಚಾಚಿದ.